ದಾಸವಾಳದ ಕೆಂಪು ಸುಮ್ನೆ ಬಣ್ಣ ಅಲ್ಲ

ನಮಸ್ಕಾರ. ಹೋದ ವಾರ ದಾಸವಾಳದ ತಂಬುಳಿ ಮಾಡಿ ತೋರಿಸಿದ್ದೆ. ಅದಕ್ಕೆ ಒಬ್ಬರ ಕಮೆಂಟ್: "ಹೂವು ಇರೋದು ದೇವರ ಮುಡಿಗೆ. ತಿಂದರೆ ಬಣ್ಣ ಬಿಟ್ಟು ಇನ್ನೇನು ಸಿಗುತ್ತೆ?"

ಬಣ್ಣ ಬಿಟ್ಟು ಅಂತೆ! ಸ್ವಾಮಿ, ಸಿಗಬೇಕಾದದ್ದೇ ಬಣ್ಣ.

ನಾಲ್ಕು ಕೆಂಪು ದಾಸವಾಳ ಕಿತ್ತು ತನ್ನಿ. ತೊಟ್ಟು, ನಡುವಿನ ಕಡ್ಡಿ ತೆಗೆದು, ಬರೀ ಎಸಳಿನ ಮೇಲೆ ಬಿಸಿನೀರು ಸುರಿಯಿರಿ. ಸ್ವಲ್ಪ ಹೊತ್ತಿಗೆ ಎಸಳು ಬಿಳಿಚಿಕೊಂಡು ನೆನೆದ ಬಟ್ಟೆ ಚೂರಿನ ಹಾಗಾಗುತ್ತದೆ. ನೀರು ಮಬ್ಬು ನೇರಳೆ. ಈಗ ನಿಂಬೆ ಹಿಂಡಿ. ಹುಳಿ ಬಿದ್ದ ಜಾಗದಿಂದ ಕೆಂಪು ಹಬ್ಬಿಕೊಂಡು ಲೋಟವೆಲ್ಲ ಮಿಂಚುತ್ತದೆ. ನಮ್ಮನೇಲಿ ಮಕ್ಕಳು ಇದಕ್ಕೇ ಕಾಯ್ತಾ ಇರ್ತಾರೆ.

ಆ ಬಣ್ಣದ ಹೆಸರು ಆಂಥೋಸಯಾನಿನ್. ನೇರಳೆ ಹಣ್ಣು ತಿಂದು ನಾಲಿಗೆ ಚಾಚಿ ತೋರಿಸ್ತೀರಲ್ಲ, ಅದೂ ಇದೇ ಜಾತಿಯ ಬಣ್ಣ. ಸಿಕ್ಕಿದ್ದನ್ನೆಲ್ಲ ಕೆಡಿಸುತ್ತಾ ಹೋಗುವ ಪುಂಡ ಕಣಗಳಿಗೆ ತನ್ನದೊಂದು ಎಲೆಕ್ಟ್ರಾನ್ ಕೊಟ್ಟು ತಣ್ಣಗಾಗಿಸುತ್ತದೆ. ಆಂಟಿಆಕ್ಸಿಡೆಂಟ್ ಅಂದ್ರೆ ಇಷ್ಟೇ. ಆ ಕೆಲಸ ಮಾಡೋದು ಬಣ್ಣವೇ!

"ಲ್ಯಾಬಿನಲ್ಲಿ ಆಗೋದೆಲ್ಲ ಹೊಟ್ಟೆಯಲ್ಲಿ ಆಗಲ್ಲ" ಅಂತ ಇನ್ನೊಬ್ಬರು. ಹೌದಪ್ಪ, ರಕ್ತಕ್ಕೆ ಸೇರೋದು ಸ್ವಲ್ಪವೇ. ನಾನೇನು ಔಷಧಿ ಅಂದೆನಾ? ಊಟ ಅಂದೆ. ಕರಾವಳಿಯ ಅಜ್ಜಿಯರು ಕೇಪಳ ಹೂವಿನ ತಂಬುಳಿ ಬಡಿಸುವಾಗ ಲ್ಯಾಬ್ ರಿಪೋರ್ಟ್ ಕೇಳಿದವರು ಯಾರು?

ಗುಂಡ್ಲುಪೇಟೆ ಕಡೆ ಹೋಗಿದ್ದೀರಾ? ಮಳೆಗಾಲದಲ್ಲಿ ಹೊಲಕ್ಕೆ ಹೊಲವೇ ಚೆಂಡು ಹೂವು. ಎಲ್ಲಾ ಹಾರಕ್ಕೆ ಅಂದುಕೊಂಡಿರಾ? ಎಷ್ಟೋ ಹೂವು ಕಾರ್ಖಾನೆಗೆ ಹೋಗುತ್ತದೆ. ಒಣಗಿಸಿ ಲ್ಯೂಟಿನ್ ಅನ್ನೋ ಹಳದಿ ತೆಗೀತಾರೆ. ಮೊಟ್ಟೆಯ ಭಂಡಾರ ಹೊಳೆಯಲಿ ಅಂತ ಅದನ್ನ ಕೋಳಿ ಮೇವಿಗೂ ಬೆರೆಸ್ತಾರೆ. ನಮ್ಮ ಕಣ್ಣಿನ ಹಿಂಪದರದಲ್ಲಿ ಇರೋದೂ ಅದೇ ಲ್ಯೂಟಿನ್. ಕೋಳಿ ತಿನ್ನಬಹುದು, ನಾವು ತಿಂದರೆ ಮೈಲಿಗೆನಾ? ಅದೂ ಬಣ್ಣ ರೀ, ಬಣ್ಣ!

ಹಾಂ, ಒಂದು ಮಾತು. ಪೇಟೆಯ ಹಾರದ ಹೂವು ಬೇಡ, ಔಷಧಿ ಹೊಡೆದಿರ್ತಾರೆ. ಕಣಗಿಲೆಯಂತೂ ಮುಟ್ಟಲೇಬೇಡಿ, ವಿಷ. ಮನೆ ಮುಂದಿನ ದಾಸವಾಳ ಸಾಕು.

ಮುಂದಿನ ವಾರ ಶಂಖಪುಷ್ಪದ ನೀಲಿ ಶರಬತ್ತು. ಸಬ್‌ಸ್ಕ್ರೈಬ್ ಮಾಡಿಲ್ಲ ಅಂದ್ರೆ ಈಗಲೇ ಮಾಡಿ. ಕಮೆಂಟ್ ಹಾಕಿದವರೇ, ನಿಮಗೆ ನಾಲ್ಕು ದಾಸವಾಳ, ಒಂದು ನಿಂಬೆ. ಮಾಡಿ, ಲೋಟದ ಫೋಟೋ ಹಾಕಿ. ಕಾಯ್ತಾ ಇರ್ತೀನಿ.