ಗೇಟು ಬಡಿಯುವುದನ್ನು ಹಸುವಿಗೆ ಕಲಿಸಿದ್ದು ಯಾರು?

ಕೇಳುಗರಿಗೆ ನಮಸ್ಕಾರ. ಈ ಹೊತ್ತಿನಲ್ಲಿ ರೇಡಿಯೋ ಹಾಕಿಕೊಂಡಿರುವವರು ಜಾಸ್ತಿ ಅಡುಗೆಮನೆಯಲ್ಲೇ ಇರುತ್ತೀರಿ, ಒಂದು ಕಿವಿ ಇಲ್ಲಿ, ಇನ್ನೊಂದು ಕಿವಿ ಕುಕ್ಕರ್ ಕಡೆಗೆ. ಹಾಗಾಗಿ ದೊಡ್ಡ ಮಾತೆಲ್ಲ ಬೇಡ. ನಾನು ಹೇಳಬೇಕೆಂದು ಬಂದಿರುವುದು ಒಂದೇ. ನಾವು ಬಾಯಲ್ಲಿ ಹೇಳಿದ್ದನ್ನು ಯಾರೂ ಕಲಿಯುವುದಿಲ್ಲ. ಮಾಡಿದ ಕೆಲಸದ ಬೆನ್ನಿಗೇ ಏನು ಸಿಕ್ಕಿತೋ, ಅದರಿಂದ ಕಲಿಯುತ್ತಾರೆ.

ಮನಃಶಾಸ್ತ್ರದವರಿಗೆ ರೇಡಿಯೋದಲ್ಲಿ ಏನು ಕೆಲಸ ಅಂತ ಯಾರಾದರೂ ಕೇಳಿದರೆ ನನ್ನ ಹತ್ತಿರ ಉತ್ತರ ಇದೆ. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ‘ಆಕಾಶವಾಣಿ’ ಶುರು ಮಾಡಿದರಲ್ಲ ಎಂ.ವಿ. ಗೋಪಾಲಸ್ವಾಮಿ, ಅವರು ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಮೇಷ್ಟ್ರು. ಆದ್ದರಿಂದ ಇಲ್ಲಿ ನಾನು ನೆಂಟ ಅಲ್ಲ, ಮನೆಯವನೇ.

ಈಗ ನಮ್ಮ ಬೀದಿಯ ಹಸುವಿನ ಕಥೆ ಕೇಳಿ. ಒಂದು ದಿನ ಬೆಳಿಗ್ಗೆ ಅದು ನಮ್ಮ ಗೇಟಿಗೆ ಕತ್ತು ಉಜ್ಜುತ್ತಿತ್ತು. ಕೊಂಬು ತಾಗಿ ಚಿಲಕ ಟಣ್ ಅಂದಿತು. ಯಾರೋ ಬಂದರು ಅಂದುಕೊಂಡು ನಮ್ಮ ಮನೆಯವರು ಹೊರಗೆ ಹೋದರು, ಕೈಯಲ್ಲಿ ಬಾಳೆಹಣ್ಣಿನ ಸಿಪ್ಪೆ ಇತ್ತು, ಕೊಟ್ಟರು. ಅಷ್ಟೇ ನಡೆದದ್ದು. ಮಾರನೆಯ ದಿನ ಮತ್ತೆ ಉಜ್ಜಿತು, ಮತ್ತೆ ಟಣ್, ಮತ್ತೆ ಸಿಪ್ಪೆ. ಎರಡು ವಾರದಲ್ಲಿ ಉಜ್ಜುವುದು ನಿಂತೇ ಹೋಯಿತು. ಸೀದಾ ಬಂದು, ಕೊಂಬಿನ ತುದಿಯನ್ನು ಚಿಲಕದ ಸಂದಿಗೆ ಸಿಕ್ಕಿಸಿ, ಕರೆಗಂಟೆ ಒತ್ತಿದ ಹಾಗೆ ಟಣ್ ಟಣ್ ಅನ್ನಿಸಿ, ಬಾಗಿಲ ಕಡೆ ನೋಡುತ್ತಾ ನಿಂತುಬಿಡುವುದು. ಹಸುವನ್ನು ಕೂರಿಸಿಕೊಂಡು ಪಾಠ ಮಾಡಿದವರು ಯಾರೂ ಇಲ್ಲ. ಬೆನ್ನಿಗೇ ಸಿಪ್ಪೆ ಸಿಕ್ಕಿತು, ಕಲಿಯಿತು.

ಮೆಟ್ಟಿಲ ಮೇಲೆ ದಿನಾ ಸಗಣಿ, ಗೇಟಿನ ಬಣ್ಣವೆಲ್ಲ ಗೀರು. ಇನ್ನು ಕೊಡುವುದು ಬೇಡ ಅಂತ ಇಬ್ಬರೂ ಮಾತಾಡಿಕೊಂಡೆವು. ಮೊದಲ ದಿನ ಐದು ನಿಮಿಷ ಬಡಿದು ಹೋಯಿತು. ಎರಡನೆಯ ದಿನ ಹತ್ತು ನಿಮಿಷ, ಜೊತೆಗೆ ಅಂಬಾ. ಮೂರನೆಯ ದಿನ ಗೇಟು ಕಿತ್ತುಹೋಗುವ ಹಾಗೆ ಬಡಿಯಿತು. ಇದು ನನಗೆ ಗೊತ್ತಿದ್ದದ್ದೇ. ದಿನಾ ಸಿಗುತ್ತಿದ್ದದ್ದು ನಿಂತಾಗ ಹಟ ಮೊದಲು ಏರುತ್ತದೆ, ಆಮೇಲೆ ಇಳಿಯುತ್ತದೆ. ಕಾಲೇಜಿನಲ್ಲಿ ವರ್ಷಗಟ್ಟಲೆ ಇದನ್ನೇ ಬೋರ್ಡಿನ ಮೇಲೆ ಬರೆದವನು ನಾನು. “ಇನ್ನೆರಡು ದಿನ ತಡೀರಿ” ಅಂದೆ. ನಾಲ್ಕನೆಯ ದಿನ ಶುಕ್ರವಾರ. “ಪಾಪ, ಬಾಗಿಲಿಗೆ ಬಂದ ಹಸು ರೀ” ಅಂತ ಎರಡು ದೋಸೆ ಹೋಯಿತು.

ಹಸು ಏನು ಕಲಿಯಿತು ಹೇಳಿ? ಇವರು ಒಳ್ಳೆಯವರು ಅಂತ ಅಲ್ಲ. ಐದು ನಿಮಿಷಕ್ಕೆ ಬಿಡಬಾರದು, ಇಪ್ಪತ್ತು ನಿಮಿಷ ಬಡಿದರೆ ದೋಸೆ ಬರುತ್ತದೆ ಅಂತ.

ಇಷ್ಟು ಹೇಳಿ ಮನೆಯವರ ಮೇಲೆ ಹಾಕಿ ಸುಮ್ಮನಾಗಬಹುದಿತ್ತು. ಆದರೆ ಮುಂದಿನ ವಾರ ನಾನು ಫೋನಿನಲ್ಲಿ ಮಾತಾಡುತ್ತಿದ್ದಾಗ ಟಣ್ ಟಣ್ ಶುರುವಾಯಿತು. ಫೋನು ಕಿವಿಯಲ್ಲಿ ಇಟ್ಟುಕೊಂಡೇ ಹೋಗಿ ಅರ್ಧ ಸೌತೆಕಾಯಿ ಕೊಟ್ಟು ಬಂದೆ. ತಕ್ಷಣ ಸದ್ದು ನಿಂತಿತು. ಆ ಸದ್ದು ನಿಂತಿತಲ್ಲ, ಅದೇ ನನಗೆ ಸಿಕ್ಕ ಸಿಪ್ಪೆ. ಹಸು ನನಗೂ ಕಲಿಸುತ್ತಿತ್ತು!

ಅಮೆರಿಕದ ಮನಃಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಅವರಿಗೆ ಇಂಥದೇ ಒಂದು ಪಾಠ ಸಿಕ್ಕಿದ್ದು ಸೋಮಾರಿತನದಿಂದ. ಅವರ ಪ್ರಯೋಗದ ಪೆಟ್ಟಿಗೆಯಲ್ಲಿನ ಇಲಿ ಸಣ್ಣ ಹಿಡಿಕೆ ಒತ್ತಿದರೆ ಒಂದು ತಿಂಡಿ ಉಂಡೆ ಬೀಳುತ್ತಿತ್ತು. ಆ ಉಂಡೆಗಳನ್ನು ಅವರೇ ಕೂತು ಮಾಡಬೇಕು. ಒಂದು ಶನಿವಾರ ಮಧ್ಯಾಹ್ನ ಲೆಕ್ಕ ಹಾಕಿದರೆ, ಇರುವ ಉಂಡೆ ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಖಾಲಿ. ರಜೆಯ ಮಧ್ಯಾಹ್ನ ಯಾರು ಉಂಡೆ ಕಟ್ಟುತ್ತಾರೆ? ಪ್ರತಿ ಸಲ ಬೇಡ, ನಿಮಿಷಕ್ಕೊಂದು ಕೊಟ್ಟರೆ ಸಾಕು ಅಂದುಕೊಂಡರು. ಇಲಿ ಬೇಜಾರಾಗಿ ಬಿಡಲಿಲ್ಲ, ಒತ್ತುತ್ತಲೇ ಇತ್ತು. ಹೀಗೆ ಆಗೊಮ್ಮೆ ಈಗೊಮ್ಮೆ ಸಿಕ್ಕಿ ಅಭ್ಯಾಸವಾದ ಪ್ರಾಣಿ, ಪೂರ್ತಿ ನಿಲ್ಲಿಸಿದ ಮೇಲೂ ಬಹಳ ಹೊತ್ತು ಬಿಡುವುದಿಲ್ಲ. ಒಂಬತ್ತು ರೀಲ್ಸ್ ಸಪ್ಪೆ, ಹತ್ತನೆಯದು ನಗಿಸುತ್ತದೆ, ನಮ್ಮ ಹೆಬ್ಬೆರಳು ಹನ್ನೊಂದಕ್ಕೆ ಹೋಗುತ್ತದೆ, ಅಲ್ವಾ?

ಊಟಕ್ಕೆ ಕೂತ ಮಗು ಮೊಬೈಲಿಗೆ ಅಳುತ್ತದೆ ಅಂತ ತಾಯಂದಿರು ನನ್ನನ್ನು ಎಲ್ಲಿ ಸಿಕ್ಕಿದರೂ ಕೇಳುತ್ತಾರೆ. ಎಷ್ಟು ಹೇಳಿದರೂ ಕೇಳಲ್ಲ ಸಾರ್ ಅನ್ನುತ್ತಾರೆ. ಅಮ್ಮಾ, ಹೇಳುವುದನ್ನು ಬಿಡಿ! ಅತ್ತಾಗ ಕೊಟ್ಟಿರೋ ಇಲ್ಲವೋ, ಅದನ್ನು ಹೇಳಿ. ನಾಲ್ಕು ದಿನ ಗಟ್ಟಿಯಾಗಿದ್ದು ಐದನೆಯ ದಿನ ನೆಂಟರ ಮುಂದೆ ಮರ್ಯಾದೆ ಹೋಗುತ್ತದೆ ಅಂತ ಕೊಟ್ಟರೆ, ಅದು ಶುಕ್ರವಾರದ ದೋಸೆ. ಕೊಡುವುದೇ ಆದರೆ ಅಳುವ ಮೊದಲೇ ಕೊಟ್ಟುಬಿಡಿ. ಕೊಡದಿದ್ದರೆ, ಮನೆಯಲ್ಲಿ ಅಜ್ಜಿ ತಾತ ಎಲ್ಲರೂ ಸೇರಿ ಕೊಡಬೇಡಿ. ಮತ್ತೆ, ಸುಮ್ಮನೆ ಕೂತು ನಾಲ್ಕು ತುತ್ತು ತಿಂದಾಗ ಯಾರೂ ತಿರುಗಿ ನೋಡುವುದೇ ಇಲ್ಲ, ಆಗಲೇ ಪಕ್ಕ ಕೂತು ಮಾತಾಡಿಸಬೇಕು.

ಭಯದ ಬಗ್ಗೆಯೂ ಹೇಳಬೇಕೆಂದು ಬರೆದುಕೊಂಡು ಬಂದಿದ್ದೆ, ಹಸು ಸಮಯವನ್ನೆಲ್ಲ ತಿಂದುಹಾಕಿತು. ಚಿಕ್ಕದಾಗಿ ಹೇಳುತ್ತೇನೆ. ಮೂರು ತುಂಬದ ಪೀಟರ್ ಎಂಬ ಹುಡುಗನಿಗೆ ಮೊಲ ಕಂಡರೆ ನಡುಕ. ಮೇರಿ ಕವರ್ ಜೋನ್ಸ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞೆ ಅವನಿಗೆ ಧೈರ್ಯ ಹೇಳುತ್ತಾ ಕೂರಲಿಲ್ಲ. ಅವನು ಇಷ್ಟದ ತಿಂಡಿ ತಿನ್ನುವಾಗ ಪಂಜರದ ಮೊಲವನ್ನು ದೂರದಲ್ಲಿ ಇಡಿಸಿದರು. ದಿನ ಕಳೆದ ಹಾಗೆ ಸ್ವಲ್ಪ ಹತ್ತಿರ, ಇನ್ನೂ ಸ್ವಲ್ಪ ಹತ್ತಿರ. ಇದೆಲ್ಲ 1924ರಲ್ಲಿ ಅಚ್ಚಾಗಿದೆ. ಕೊನೆಗೆ ಆ ಮೊಲ ಬೆರಳನ್ನು ಮೆಲ್ಲಗೆ ಕಚ್ಚಿದರೂ ಹುಡುಗ ಕೈ ಹಿಂದೆ ತೆಗೆಯಲಿಲ್ಲ. ನಮಸ್ಕಾರ.