ನೆಲಮಾಳಿಗೆಯ ಹತ್ತರಿಗಳು

ಕೇಳುಗರಿಗೆ ನಮಸ್ಕಾರ.

ಅಮೆರಿಕದಲ್ಲಿ ಮನೆಯ ಹಿರಿಯರು ತೀರಿಕೊಂಡರೆ, ಇಲ್ಲವೇ ವೃದ್ಧಾಶ್ರಮ ಸೇರಿದರೆ, ದೂರದ ಊರುಗಳಲ್ಲಿರುವ ಮಕ್ಕಳು ಸಾಮಾನನ್ನೆಲ್ಲ ಆ ಮನೆಯಲ್ಲೇ ಮಾರಾಟಕ್ಕಿಡುವುದುಂಟು. ಇದೇ ಎಸ್ಟೇಟ್ ಸೇಲ್. ಸಾಮಾನ್ಯವಾಗಿ ವಾರದ ಕೊನೆಯ ಎರಡು ಮೂರು ದಿನ ನಡೆಯುತ್ತದೆ. ಪಿಂಗಾಣಿ, ಒಡವೆ ಬೇಕಾದವರು ಮೇಲಿನ ಕೋಣೆಗಳಿಗೆ ನುಗ್ಗುತ್ತಾರೆ. ನನ್ನಂಥ ಮರಗೆಲಸದ ಹುಚ್ಚಿನವರು ಟಾರ್ಚ್ ಹಿಡಿದು ನೆಲಮಾಳಿಗೆಗೆ ಇಳಿಯುತ್ತೇವೆ. ಮನೆಯ ಯಜಮಾನ ಕೆಲಸಗಾರನಾಗಿದ್ದರೆ ಅವನ ಉಳಿ, ಗರಗಸ, ಹತ್ತರಿ ಎಲ್ಲ ಅಲ್ಲೇ ಇರುತ್ತವೆ.

ನಾನಿರುವುದು ಕನೆಕ್ಟಿಕಟ್ ರಾಜ್ಯದಲ್ಲಿ. ಇಲ್ಲಿನ ನ್ಯೂ ಬ್ರಿಟನ್, ಮರಗೆಲಸದ ಸಲಕರಣೆಗಳಿಗೆ ಹೆಸರಾದ ಸ್ಟ್ಯಾನ್ಲಿ ಕಂಪನಿಯ ಊರು. ಮರ ಕೀಸುವ ಹತ್ತರಿಯನ್ನು ಹಿಂದೆ ಮರದಲ್ಲೇ ಮಾಡುತ್ತಿದ್ದರು. ಅಲಗು ಹೆಚ್ಚುಕಡಿಮೆಯಾದರೆ ಕೊಡತಿಯಿಂದ ತಟ್ಟಿ ತಟ್ಟಿ ಸರಿಮಾಡಬೇಕಿತ್ತು. ಲೆನರ್ಡ್ ಬೇಲಿ ಎಂಬ ಬಾಸ್ಟನ್ನಿನವನು ಬೀಡು ಕಬ್ಬಿಣದ ಹತ್ತರಿ ಮಾಡಿ, ಹಿಂದುಗಡೆ ಒಂದು ಹಿತ್ತಾಳೆ ತಿರುಪು ಇಟ್ಟ. ಬೆರಳಲ್ಲಿ ಅದನ್ನು ತಿರುಗಿಸಿದರೆ ಅಲಗು ಕೂದಲೆಳೆಯಷ್ಟು ಇಳಿಯುತ್ತದೆ, ಏರುತ್ತದೆ. 1869ರಲ್ಲಿ ಸ್ಟ್ಯಾನ್ಲಿ ಅವನ ಪೇಟೆಂಟುಗಳನ್ನು ಕೊಂಡುಕೊಂಡಿತು. ಇವತ್ತು ಬೆಂಗಳೂರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಕಬ್ಬಿಣದ ಹತ್ತರಿಯೂ ಹೆಚ್ಚಾಗಿ ಇದೇ ಬೇಲಿಯ ವಿನ್ಯಾಸದ್ದು.

ಹಾಗಿದ್ದಮೇಲೆ ಹಳೆಯದನ್ನೇ ಯಾಕೆ ಹುಡುಕಬೇಕು ಅಂತ ಕೇಳಬಹುದು. ಅಗ್ಗದ ಹೊಸ ಹತ್ತರಿಯನ್ನು ತಂದ ದಿನವೇ ಬಳಸಲು ಆಗುವುದಿಲ್ಲ. ತಳ ಉಜ್ಜಿ ಮಟ್ಟ ಮಾಡುವುದರಲ್ಲೇ ಭಾನುವಾರ ಕಳೆದುಹೋಗುತ್ತದೆ. ಬದುಕಿಡೀ ಒಬ್ಬ ಬಡಗಿಯ ಕೈಯಲ್ಲಿದ್ದ ಹತ್ತರಿಯಲ್ಲಿ ಆ ಕೆಲಸ ಅವನೇ ಮುಗಿಸಿಟ್ಟಿರುತ್ತಾನೆ. ಅದಕ್ಕೇ ನಾನು ಹೊಳೆಯುವುದನ್ನು ಬಿಟ್ಟು ದುಡಿದದ್ದನ್ನು ನೋಡುತ್ತೇನೆ.

ಸ್ಟ್ಯಾನ್ಲಿ ಹತ್ತರಿಗಳನ್ನು ಅಳತೆಗೆ ತಕ್ಕ ನಂಬರಿನಿಂದ ಗುರುತಿಸುತ್ತಾರೆ. ಕಳೆದ ಚಳಿಗಾಲದಲ್ಲಿ ಬಣ್ಣದ ಡಬ್ಬಿಗಳ ಹಿಂದೆ 5ನೇ ನಂಬರಿನದೊಂದು ಸಿಕ್ಕಿತು. ಹದಿನಾಲ್ಕು ಇಂಚು ಉದ್ದ, ಮೈತುಂಬ ಕೆಂಪು ತುಕ್ಕು. ಬಿಚ್ಚಿ ನೋಡಲು ಮಾರುವವರ ಅಪ್ಪಣೆ ಕೇಳಿದೆ. ಅಲಗು ಸಾಣೆ ಹಿಡಿದು ಹಿಡಿದು ಅರ್ಧಕ್ಕೆ ಬಂದಿತ್ತು. ಹಿಡಿಯ ಮೇಲ್ತುದಿ ಎಂದೋ ಮುರಿದಿತ್ತು, ಯಾರೋ ಅಷ್ಟೇ ಅಚ್ಚುಕಟ್ಟಾಗಿ ಅಂಟಿಸಿದ್ದರು. ಮುಂಭಾಗದಲ್ಲಿ ಎರಡು ಅಕ್ಷರ ಕೊರೆದಿತ್ತು, ಯಜಮಾನನ ಇನಿಶಿಯಲ್ ಇರಬೇಕು. ಅಲಗು ಕೂರುವ ಪೀಠದ ಹಿಂದೆ ಮೂರು ಪೇಟೆಂಟ್ ತಾರೀಖು ಎರಕದಲ್ಲೇ ಮೂಡಿತ್ತು. ಕೊನೆಯದು 1910ರ ಏಪ್ರಿಲ್ 19. ಅಂದರೆ ಅದಕ್ಕಿಂತ ಹಳೆಯದಂತೂ ಅಲ್ಲ, ಬಹುಶಃ ಮೊದಲ ಮಹಾಯುದ್ಧದ ಆಸುಪಾಸಿನದು. ಅಲಗಿನ ಮೇಲಿನ ಮುದ್ರೆ ನೋಡಿ ವಯಸ್ಸು ಹೇಳುವವರನ್ನು ನಂಬಬೇಡಿ. ಅಲಗು ಸವೆದರೆ ಬದಲಾಯಿಸುತ್ತಾರೆ, ಮೈ ಹಾಗೇ ಉಳಿಯುತ್ತದೆ.

ತುಕ್ಕಿಗೆ ಹೆದರಬೇಕಿಲ್ಲ. ಹೆದರಬೇಕಾದ್ದು ಬಿರುಕಿಗೆ. ಅಲಗು ಹೊರಬರುವ ಬಾಯಿಯ ಎರಡೂ ಮೂಲೆಗೆ ಟಾರ್ಚ್ ಹಿಡಿದು ನೋಡಿ. ಬೀಡು ಕಬ್ಬಿಣ ಕೆಳಗೆ ಬಿದ್ದರೆ ಅಲ್ಲೇ ಸೀಳುವುದು. ಎಳೆಯಷ್ಟು ಗೆರೆ ಕಂಡರೂ ಬಿಟ್ಟುಬಿಡಿ. ಅಲಗಿನ ಚಪ್ಪಟೆ ಬದಿಯಲ್ಲಿ, ಅಂಚಿನ ಹತ್ತಿರವೇ ತುಕ್ಕು ತಿಂದು ಗುಳಿ ಬಿದ್ದಿದ್ದರೆ ಹೊಸ ಅಲಗಿನ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಗರಗಸವಾದರೆ ಕಣ್ಣಿನ ನೇರಕ್ಕೆ ಹಿಡಿದು ತಗಡು ಬಾಗಿದೆಯೇ ನೋಡಿದರೆ ಸಾಕು. ಫಿಲಡೆಲ್ಫಿಯಾದ ಡಿಸ್ಟನ್ ಕಂಪನಿಯ ಹಳೆಯ ಗರಗಸ ಕಂಡರೆ ಮಾತ್ರ ಹೆಚ್ಚು ಯೋಚಿಸದೆ ಕೊಂಡುಬಿಡಿ.

1ನೇ ನಂಬರಿನ ಹತ್ತರಿ ಅಂಗೈ ಅಗಲದ್ದು, ಐದೂವರೆ ಇಂಚು. ಅದಕ್ಕೆ ಸಾವಿರ ಡಾಲರಿಗಿಂತ ಹೆಚ್ಚು ಕೊಡುವವರಿದ್ದಾರೆ, ಅದರಿಂದಲೇ ನಕಲಿಗಳೂ ಹುಟ್ಟಿಕೊಂಡಿವೆ. ಕತ್ತಲಲ್ಲೇ ಬಂದು ಬಾಗಿಲಲ್ಲಿ ಸರತಿ ನಿಲ್ಲುವ ವ್ಯಾಪಾರಿಗಳು ಕಾಯುವುದು ಇಂಥದಕ್ಕೆ. ಗಾಜಿನ ಕಪಾಟಿನಲ್ಲಿಡುವ ಹತ್ತರಿ ನನ್ನ ಪ್ರಕಾರ ಬರೀ ಬೊಂಬೆ. ನಾನು ಹೋಗುವುದು ಕೊನೆಯ ದಿನ. ಅವತ್ತು ಎಷ್ಟೋ ಕಡೆ ಬೆಲೆ ಅರ್ಧಕ್ಕೆ ಇಳಿದಿರುತ್ತದೆ. ಮನೆಯವರು ಅಲ್ಲೇ ನಿಂತಿದ್ದರೆ ಚೌಕಾಸಿ ಮಾಡಲು ನನಗೆ ಬಾಯಿ ಬರುವುದಿಲ್ಲ, ಅದು ಬೇರೆ ಮಾತು.

ಊರಿಗೆ ಒಯ್ಯುವ ಆಸೆ ಇದ್ದರೆ ಹಿಡಿ ಯಾವ ಮರದ್ದೆಂದು ನೋಡಿ. ಹಳೆಯ ಸ್ಟ್ಯಾನ್ಲಿಗಳ ಹಿಡಿ ಬ್ರೆಜಿಲ್ ದೇಶದ ಬೀಟೆಯದು, ನಮ್ಮ ಪಶ್ಚಿಮಘಟ್ಟದ ಬೀಟೆಯ ದಾಯಾದಿ. ಆ ಮರ ಅಳಿವಿನಂಚಿಗೆ ಬಂದು, 1992ರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಟ್ಟುನಿಟ್ಟಿನ ತಡೆ ಇದೆ. ಹಿಡಿ ಬಿಚ್ಚಿಟ್ಟು ಕಬ್ಬಿಣವನ್ನಷ್ಟೇ ಒಯ್ದು, ಊರಲ್ಲಿ ಹಲಸಿನ ಮರದ ಹಿಡಿ ಮಾಡಿಸುವುದು ವಾಸಿ.

ಇನ್ನು ತುಕ್ಕು. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ನೀರಿಗೆ ವಾಷಿಂಗ್ ಸೋಡಾ ಕಲಸಿ. ಕಾರಿನ ಬ್ಯಾಟರಿ ಚಾರ್ಜರಿನ ಋಣ ತಂತಿಯನ್ನು ಹತ್ತರಿಗೆ, ಧನ ತಂತಿಯನ್ನು ಯಾವುದಾದರೂ ಗುಜರಿ ಕಬ್ಬಿಣಕ್ಕೆ ಕೊಟ್ಟು, ಎರಡೂ ಒಂದಕ್ಕೊಂದು ತಾಗದಂತೆ ಇಳಿಬಿಡಿ. ಸ್ವಿಚ್ ಹಾಕುವುದು ಆಮೇಲೆ. ಸ್ಟೇನ್‌ಲೆಸ್ ಸ್ಟೀಲ್ ಮಾತ್ರ ಬೇಡವೇ ಬೇಡ, ಅದರಿಂದ ವಿಷದ ಕ್ರೋಮಿಯಂ ನೀರಿಗಿಳಿಯುತ್ತದೆ. ಹೊತ್ತಿಕೊಳ್ಳುವ ಹೈಡ್ರೋಜನ್ ಅನಿಲವೂ ಏಳುತ್ತದೆ, ಆದ್ದರಿಂದ ಅಂಗಳದಲ್ಲೇ ಮಾಡಿ. ಒಂದು ರಾತ್ರಿ ಬಿಟ್ಟರೆ ತುಕ್ಕು ಕರಿ ಕೆಸರಾಗಿ ಬ್ರಷ್ಷಿಗೇ ಕಳಚಿ ಬರುತ್ತದೆ. ತೊಳೆದ ಕೂಡಲೇ ಒಣಗಿಸಿ ಎಣ್ಣೆ ಸವರಿ. ಕಾಫಿ ಕುಡಿದು ಬಂದು ಸವರೋಣ ಅಂದುಕೊಂಡರೆ ಅಷ್ಟರಲ್ಲಿ ಮತ್ತೆ ಕೆಂಪಗಾಗಿರುತ್ತದೆ.

ನಮಸ್ಕಾರ.