ಕೊಳವೆ ದುರಸ್ತಿಯ ಸುದ್ದಿ

ಕೇಳುಗರಿಗೆ ನಮಸ್ಕಾರ.

2005ರ ನವೆಂಬರ್ 21ರಂದು ಈಶಾನ್ಯ ಚೀನಾದ ಹಾರ್ಬಿನ್ ನಗರಾಡಳಿತವು, ಕೊಳವೆಗಳ ತಪಾಸಣೆ ಮತ್ತು ದುರಸ್ತಿಗಾಗಿ ನಾಲ್ಕು ದಿನ ನೀರು ಪೂರೈಕೆ ಇರುವುದಿಲ್ಲವೆಂದು ಪ್ರಕಟಣೆ ಹೊರಡಿಸಿತು. ನಲ್ಲಿ ನೀರು ನಿಲ್ಲುವ ಪ್ರಕಟಣೆ ನಮ್ಮ ಊರುಗಳಿಗೂ ಹೊಸತಲ್ಲ. ಆದರೆ ಸುಮಾರು 40 ಲಕ್ಷ ಜನರಿರುವ ಊರಿನ ಕೊಳವೆಗಳೆಲ್ಲ ಒಂದೇ ಸಲಕ್ಕೆ ದುರಸ್ತಿಗೆ ಬಂದವೆಂದರೆ ಯಾರು ನಂಬುತ್ತಾರೆ? ಅಂಗಡಿಗಳಲ್ಲಿ ಬಾಟಲಿ ನೀರಿಗೆ ನೂಕುನುಗ್ಗಲಾಯಿತು. ಭೂಕಂಪವಾಗಲಿದೆ ಎಂಬ ಗಾಳಿಸುದ್ದಿಯೂ ಹಬ್ಬಿತು.

ನಿಜ ಸಂಗತಿ ಎಂಟು ದಿನ ಹಳೆಯದು. ನವೆಂಬರ್ 13ರಂದು, ಹಾರ್ಬಿನ್ನಿಗೆ ನೀರು ಕೊಡುವ ಸೊಂಗ್‌ಹ್ವಾ ನದಿಯ ಮೇಲ್ಭಾಗದಲ್ಲಿರುವ ಜಿಲಿನ್ ನಗರದ ಸರ್ಕಾರಿ ಒಡೆತನದ ರಾಸಾಯನಿಕ ಕಾರ್ಖಾನೆಯಲ್ಲಿ ಸ್ಫೋಟ ಸಂಭವಿಸಿ, ಬೆಂಜೀನ್, ನೈಟ್ರೋಬೆಂಜೀನ್ ಮುಂತಾದ ವಿಷವಸ್ತುಗಳು ಸುಮಾರು 100 ಟನ್ನಿನಷ್ಟು ಆ ನದಿಗೆ ಸೇರಿದ್ದವು. ಸ್ಫೋಟದ ಸುದ್ದಿಯೇನೋ ಪ್ರಕಟವಾಗಿತ್ತು. ಸತ್ತವರ ಲೆಕ್ಕ, ಮನೆ ಬಿಡಿಸಲಾದವರ ಲೆಕ್ಕ ಎರಡೂ ಅದರಲ್ಲಿದ್ದವು. ನದಿ ಮಾತ್ರ ಇರಲಿಲ್ಲ. ನೀರು ಕಲುಷಿತವಾಗಿದೆ ಎಂದು ಹಾರ್ಬಿನ್ ಆಡಳಿತ ತನ್ನ ಎರಡನೆಯ ಪ್ರಕಟಣೆಯಲ್ಲಿ ಸೂಚಿಸಿತು. ಕೇಂದ್ರ ಪರಿಸರ ಸಂಸ್ಥೆ ಅದನ್ನು ಬಹಿರಂಗವಾಗಿ ಒಪ್ಪಿಕೊಂಡದ್ದು 23ರಂದು.

ಚೀನಾದ ಪತ್ರಿಕೆಗಳು ಪರಿಸರದ ಬಗ್ಗೆ ಬರೆಯುವುದೇ ಇಲ್ಲವೆಂದು ಇದರಿಂದ ತಿಳಿಯಬಾರದು. ಉಳಿದ ಹಲವು ವಿಷಯಗಳಿಗಿಂತ ಈ ವಿಷಯಕ್ಕೆ ಅಲ್ಲಿ ಸ್ವಲ್ಪ ಸಡಿಲವಿತ್ತು, ಏಕೆಂದರೆ ಪ್ರಾಂತ್ಯಗಳ ಅಧಿಕಾರಿಗಳನ್ನು ಮಣಿಸುವಷ್ಟು ಬಲವಿಲ್ಲದ ಕೇಂದ್ರ ಪರಿಸರ ಸಂಸ್ಥೆಗೆ ಪತ್ರಿಕೆಗಳ ನೆರವು ಬೇಕಾಗಿತ್ತು. ಆದರೆ ಸ್ಥಳೀಯ ಪತ್ರಿಕೆಯ ಸಂಪಾದಕ ಸ್ಥಳೀಯ ಕಮ್ಯುನಿಸ್ಟ್ ಪಕ್ಷ ಸಮಿತಿಯ ಕೈಕೆಳಗಿನವನು. ಹೀಗಾಗಿ ಪಕ್ಕದ ಪ್ರಾಂತ್ಯದ ಹೊಳೆಯ ಕೊಳೆಯನ್ನು ಬರೆಯುವ ಪತ್ರಿಕೆ ತನ್ನೂರಿನ ಹೊಳೆಯ ವಿಚಾರದಲ್ಲಿ ಸುಮ್ಮನಿರುತ್ತಿತ್ತು; ಹೊರಊರಿನ ಪತ್ರಿಕೆ ಇಣುಕುವ ಈ ಪದ್ಧತಿಗೆ ಅಲ್ಲಿ ಪ್ರತ್ಯೇಕ ಹೆಸರೇ ಇತ್ತು. ಗೂಟಕ್ಕೆ ಕಟ್ಟಿದ ದನ ಹಗ್ಗ ಎಟಕುವಷ್ಟು ಮೇಯುವ ಬಗೆ ಇದು ಎಂದು ನನಗನಿಸುತ್ತದೆ. ಬಾನುಲಿ ಬಹುಕಾಲ ಸರ್ಕಾರದ್ದೇ ಆಗಿದ್ದ ನಾಡಿನಲ್ಲಿ ಕುಳಿತು ಈ ಮಾತು ಹೇಳುತ್ತಿದ್ದೇನೆಂಬ ಅರಿವೂ ನನಗಿದೆ.

ಹಾರ್ಬಿನ್ ವಿಷಯದಲ್ಲಿಯೂ ಹಗ್ಗ ಕೆಲವು ದಿನ ಉದ್ದವಾಯಿತು. ಯುವ ಕಮ್ಯುನಿಸ್ಟ್ ಸಂಘದ ಮುಖವಾಣಿಯಾದ ಚೀನಾ ಯೂತ್ ಡೈಲಿಯೂ ಸೇರಿದಂತೆ ಕೆಲವು ಪತ್ರಿಕೆಗಳು ಅಧಿಕಾರಿಗಳ ಸುಳ್ಳನ್ನು ನೇರವಾಗಿಯೇ ಟೀಕಿಸಿದವು. ಡಿಸೆಂಬರ್ ಆರಂಭದಲ್ಲಿ ಹುದ್ದೆ ಬಿಟ್ಟವರು, ವಿಚಿತ್ರವೆಂದರೆ, ಪರಿಸರ ಸಂಸ್ಥೆಯ ಮುಖ್ಯಸ್ಥ ಷ್ಯೆ ಝೆನ್‌ಹ್ವಾ.

ನವೆಂಬರ್ 27ರ ಸಂಜೆ ನಲ್ಲಿಗಳಲ್ಲಿ ಮತ್ತೆ ನೀರು ಬಂದಾಗ, ಪ್ರಾಂತ್ಯದ ಗವರ್ನರ್ ಮೊದಲೇ ಮಾತು ಕೊಟ್ಟಿದ್ದಂತೆ ಕ್ಯಾಮೆರಾಗಳ ಎದುರು ಮೊದಲ ಲೋಟದ ನೀರು ಕುಡಿದರು. ಸುಮಾರು 80 ಕಿಲೋಮೀಟರ್ ಉದ್ದದ ವಿಷದ ಪಟ್ಟಿ ಆ ಹೊತ್ತಿಗೆ ನದಿಯ ಕೆಳಗಿನ ಊರುಗಳತ್ತ ಸಾಗುತ್ತಿತ್ತು. ಡಿಸೆಂಬರಿನಲ್ಲಿ ಅದು ಅಮೂರ್ ನದಿಯನ್ನು ಸೇರಿ ರಷ್ಯಾದ ಖಬಾರೊವ್‌ಸ್ಕ್ ತಲುಪಿತು.